ಹೊಸ್ತಿಲ ಉಪ್ಪು

ನಮ್ಮ ಊರಿನಲ್ಲಿ ಚರ್ಚಿನ ಬೆಳಗಿನ ಗಂಟೆ ಹೊಡೆದಾಗ ಎಲ್ಲರೂ ಒಂದು ಕ್ಷಣ ನಿಂತುಬಿಡುತ್ತಾರೆ. ಒಲೆಯ ಮುಂದೆ ಕೂತವರ ಬಾಯಿಯ ಹತ್ತಿರ ಊದುಗೊಳವೆ ಹಾಗೇ ಉಳಿಯುತ್ತದೆ. ಬಾವಿಗೆ ಇಳಿಯುತ್ತಿದ್ದ ಬಿಂದಿಗೆ ಅರ್ಧದಲ್ಲೇ ತೂಗುತ್ತದೆ. ಅಡುಗೆಮನೆಗೆ ಏನೋ ತೆಗೆದುಕೊಳ್ಳಲು ಬಂದು, ಏನೆಂದು ಮರೆತು ನಿಂತವರ ಮುಖ ಇರುತ್ತದಲ್ಲ, ಆ ಹೊತ್ತಿನಲ್ಲಿ ಇಡೀ ಊರಿಗೇ ಅಂಥದೊಂದು ಮುಖ. ಆಮೇಲೆ ಗಂಟೆಯ ದನಿ ಹೊಳೆಯ ಮೇಲಿನ ಮಂಜಿನೊಳಗೆ ಕರಗಿಹೋಗುತ್ತದೆ, ಬಿಂದಿಗೆ ನೀರು ಮುಟ್ಟುತ್ತದೆ, ದಿನ ಶುರುವಾಗುತ್ತದೆ. ಅಷ್ಟರಲ್ಲಿ ಹಿಂದಿನ ದಿನ ಯಾರು ಯಾರಿಗೆ ಏನು ಒಳ್ಳೆಯದು ಮಾಡಿದ್ದರೋ ಅದು ಮಾಡಿದವರ ನೆನಪಿನಿಂದ ಹೊರಟುಹೋಗಿರುತ್ತದೆ. ಪಡೆದವರಿಗೂ ನೋಡಿದವರಿಗೂ ಮಾತ್ರ ನೆನಪಿರುತ್ತದೆ.

ಪಡೆದವರಿಗೆ ಸುಮ್ಮನಿರಲು ಆಗುವುದಿಲ್ಲ. ಗಂಟೆಯಾದ ಮೇಲೆ ಸೆರಗಿನ ತುದಿಯಲ್ಲೋ ಮುಚ್ಚಿದ ಮುಷ್ಟಿಯಲ್ಲೋ ಒಂದು ಹಿಡಿ ಕಲ್ಲುಪ್ಪು ತಂದು, ಉಪಕಾರ ಮಾಡಿದವರ ಹೊಸ್ತಿಲ ಮೇಲೆ ಸುರಿದು, ಮಾತಾಡದೆ ಹೋಗುತ್ತಾರೆ. ಬಾಯಲ್ಲಿ ಹೇಳುವಂತಿಲ್ಲ. ಮಾಡಿದ್ದನ್ನು ಮಾಡಿದವರ ಮುಖಕ್ಕೆ ಹೇಳಿಬಿಟ್ಟರೆ ಅದು ಪರಲೋಕದಿಂದ ಕೆಳಗಿಳಿದುಬಿಡುತ್ತದೆ, ಅದರ ಪ್ರತಿಫಲ ಇಲ್ಲೇ ಸಂದುಹೋದಂತೆ ಎಂದು ಎಲ್ಲರೂ ನಂಬುತ್ತಾರೆ. ಅದಕ್ಕೇ ಉಪ್ಪು. ಮುಂಜಾವದ ಬೆಳಕಿನಲ್ಲಿ ನಮ್ಮ ಬೀದಿಯ ಹೊಸ್ತಿಲುಗಳು ಅಲ್ಲಲ್ಲಿ ಬೆಳ್ಳಗೆ ಹೊಳೆಯುತ್ತಿರುತ್ತವೆ, ಬೆಳದಿಂಗಳು ಎದ್ದು ಹೋಗುವಾಗ ಏನನ್ನೋ ಮರೆತು ಬಿಟ್ಟುಹೋದ ಹಾಗೆ.

ಇನ್ನೊಂದು ಮಾತಿದೆ. ಪ್ರತಿಫಲ ಸಿಗಲಿ ಎಂದು ಮಾಡಿದ ಒಳ್ಳೆಯದು ಮರೆತುಹೋಗುವುದಿಲ್ಲ. ಗಂಟೆ ಹೊಡೆದರೂ ಅದು ತಲೆಯಲ್ಲೇ ಕೂತಿರುತ್ತದೆ. ಆದ್ದರಿಂದ ಊರಿನಲ್ಲಿ ಯಾರಿಗಾದರೂ ತಮ್ಮ ಉಪಕಾರ ನೆನಪಿದ್ದರೆ ಅವರು ಅದನ್ನು ಮುಚ್ಚಿಟ್ಟುಕೊಳ್ಳುತ್ತಾರೆ. ಸಭೆಯ ಹಿರಿಯರಾದ ಜೋಯಲಪ್ಪನವರು ಒಮ್ಮೆ ಕುರುಡಿ ಮರಿಯಮ್ಮನಿಗೆ ಕಂಬಳಿ ಕೊಟ್ಟಿದ್ದರು. ಮಾರನೆಯ ದಿನ ನಡುಬೀದಿಯಲ್ಲಿ ನಿಂತು, ಯಾರೂ ಕೇಳದೆಯೇ, “ಕಂಬಳೀನಾ? ನಾನಾ? ಉಣ್ಣೆ ಕಂಬಳೀನಾ? ನಂಗೇನೂ ನೆನಪೇ ಇಲ್ಲಪ್ಪ!” ಎಂದು ಕೂಗುತ್ತಿದ್ದರು. ಜನ ತಲೆ ತಗ್ಗಿಸಿಕೊಂಡು ಹೋದರು. ನಗುವಂತಿರಲಿಲ್ಲ. ಯಾರ ತಲೆಯಲ್ಲಿ ಎಷ್ಟು ಕಂಬಳಿಗಳಿದ್ದವೋ ಯಾರಿಗೆ ಗೊತ್ತು.

ನನ್ನ ತಲೆಯಲ್ಲಿ ಎಲ್ಲವೂ ಇತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ನಾನು ಬಿ.ಎ. ಓದಲು ಹೊಳೆಯಾಚೆ ಹೋಗಿದ್ದೆ. ಅಲ್ಲಿ ಈ ಮರೆವು ಇಲ್ಲ. ಹಾಸ್ಟೆಲಿನ ಗೆಳತಿಯೊಬ್ಬಳು ಪರೀಕ್ಷೆಯ ದಿನ ನನಗೊಂದು ಪೆನ್ನು ಕೊಟ್ಟು ವರ್ಷವಿಡೀ ಅದನ್ನು ಜ್ಞಾಪಿಸಿದಳು. ನಾಲ್ಕು ಜನರೊಡನೆ ಬೆರೆತು ಮಾತಾಡಲು ಬಾರದ ನನಗೆ ದಿನಚರಿ ಬರೆಯುವ ಅಭ್ಯಾಸ ಹತ್ತಿದ್ದು ಅಲ್ಲೇ. ಓದು ಮುಗಿಸಿ ಬಂದಾಗ ಅಪ್ಪ ಅಮ್ಮ ಇಬ್ಬರೂ ತೀರಿಹೋಗಿದ್ದರು. ಅಪ್ಪನ ಅಕ್ಕ ಸುವಾರ್ತಮ್ಮ ಅತ್ತೆ ಒಬ್ಬಳೇ ಇದ್ದಳು, ಗಂಡ ಇಲ್ಲ, ಮಕ್ಕಳಿಲ್ಲ. ಅವಳನ್ನು ನೋಡಿಕೊಳ್ಳಲು ಅವಳ ಮನೆಗೆ ಹೋಗಿ ಸೇರಿಕೊಂಡೆ. ನಿಜ ಹೇಳಬೇಕೆಂದರೆ, ಗಾಡಿಯಿಂದ ಪೆಟ್ಟಿಗೆ ಇಳಿಸುವಾಗಲೇ ನನ್ನ ಮನಸ್ಸಿನಲ್ಲಿ ಇತ್ತು: ವಿಧವೆಯೊಬ್ಬಳನ್ನು ನೋಡಿಕೊಂಡರೆ ಪರಲೋಕದಲ್ಲಿ ಏನಾದರೂ ಸಿಗದೇ ಇರದು. ಮಾರನೆಯ ಬೆಳಿಗ್ಗೆ ಗಂಟೆ ಹೊಡೆಯಿತು. ಹಿಂದಿನ ಸಂಜೆ ಅವಳಿಗೆ ಕಾಲೊತ್ತಿದ್ದು ನನಗೆ ಚೆನ್ನಾಗಿ ನೆನಪಿತ್ತು. ಆರು ವರ್ಷ ಹಾಗೇ ಆಯಿತು. ಅವಳಿಗೆ ಕೊಟ್ಟ ಪ್ರತಿಯೊಂದು ಲೋಟ ಗಂಜಿಯೂ ನೆನಪಿದೆ. ಯಾರಾದರೂ ನನ್ನ ಕಡೆ ನೋಡಿ ಮುಗುಳ್ನಕ್ಕರೆ ನಾನೂ ಎಲ್ಲರ ಹಾಗೆ “ನಾನಾ? ಯಾವಾಗ?” ಎಂದುಬಿಡುತ್ತಿದ್ದೆ. ಹಾಗೆ ಹೇಳುವಾಗಲೆಲ್ಲ ಕಿವಿ ಬಿಸಿಯಾಗುತ್ತಿತ್ತು.

ಅತ್ತೆಯ ಸಂಗತಿ ಬೇರೆ. ಅವಳಷ್ಟು ಪೂರ್ತಿಯಾಗಿ ಮರೆಯುವವರನ್ನು ಊರು ಕಂಡಿರಲಿಲ್ಲ. ಗಾರೆ ಕೆಲಸದ ದಾನಿಯೇಲಪ್ಪನ ಕಾಲು ಕೊಳೆತು ನಾರುತ್ತಿದ್ದಾಗ ಅವನ ಸ್ವಂತ ಅಣ್ಣನೇ ಬಾಗಿಲ ಹೊರಗೆ ನಿಂತು ಮಾತಾಡಿಸಿ ಹೋಗುತ್ತಿದ್ದ. ಅತ್ತೆ ಹೋಗಿ ತೊಳೆದಳು. ಬೆಳಗಾಯಿತು, ಮರೆತಳು. ಸೊಪ್ಪು ಕೊಳ್ಳಲು ಆ ಬೀದಿಗೆ ಹೋದಾಗ ಅವನು ನರಳುವುದು ಕೇಳಿ ಒಳಗೆ ಬಗ್ಗಿ, “ಅಯ್ಯೋ ದೇವ್ರೇ, ಇದೇನಪ್ಪ ಹಿಂಗಾಗಿದೆ! ನೋಡೋರು ಯಾರೂ ಬರ್ಲಿಲ್ವಾ?” ಎಂದಳು. ದಾನಿಯೇಲಪ್ಪ, “ಇಲ್ಲ ಕಣಮ್ಮ, ಯಾರೂ ಬಂದಿಲ್ಲ” ಎಂದ. ಹಾಗೆ ಹೇಳುವುದೇ ಮರ್ಯಾದೆ. ಅತ್ತೆ ಮತ್ತೆ ನೀರು ಕಾಯಿಸಿದಳು. ನಲವತ್ತು ದಿನ ಹೀಗೇ ನಡೆಯಿತು. ನಲವತ್ತು ದಿನವೂ ಅವಳಿಗೆ ಅದು ಮೊದಲನೆಯ ದಿನ. ಆದ್ದರಿಂದ ಅವಳಿಗೆ ಬೇಸರವೂ ಬರಲಿಲ್ಲ. ನಾನು ಸೊಪ್ಪಿನ ಬುಟ್ಟಿ ಹಿಡಿದುಕೊಂಡು ಆ ಬಾಗಿಲಲ್ಲಿ ನಿಂತಿರುತ್ತಿದ್ದೆ, ಸೆರಗಿನಿಂದ ಮೂಗು ಮುಚ್ಚಿಕೊಂಡು. ಮನೆಗೆ ಬಂದು ದಿನಚರಿಯಲ್ಲಿ ಬರೆಯುತ್ತಿದ್ದೆ.

ನಮ್ಮ ಹೊಸ್ತಿಲ ಮೇಲೆ ಉಪ್ಪು ಬೀಳದ ಬೆಳಗೇ ಇರಲಿಲ್ಲ. ಕೆಲವು ದಿನ ಬಾಗಿಲು ತೆರೆದರೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಅತ್ತೆ ಮೊರದಲ್ಲಿ ಬಳಿದು, ಕಸ ಆರಿಸಿ, ಪಿಂಗಾಣಿ ಜಾಡಿಗೆ ತುಂಬುವಳು. ನಾನು ಬರುವ ಮೊದಲು ಅದೆಲ್ಲ ತೀರಿಹೋದ ಮಾವನಿಗೆ ಬರುತ್ತಿದೆ ಎಂದುಕೊಂಡಿದ್ದಳಂತೆ. ಮಾವ ಶಾಲೆಯ ಮೇಷ್ಟರಾಗಿದ್ದರು, ಕಲಿತ ಮಕ್ಕಳು ಇನ್ನೂ ನೆನೆಸುತ್ತಾರೆ ಎಂದು. ನಾನು ಬಂದ ಮೇಲೆ ಅವಳ ಲೆಕ್ಕ ಬದಲಾಯಿತು. “ನೋಡೇ ಎಸ್ತೂ, ನಿನಗೆ ಎಷ್ಟು ಬಂದಿದೆ!” ಎಂದು ಮೊರ ತಂದು ತೋರಿಸುವಳು. “ಏನು ಮಾಡ್ತೀಯೋ ಯಾರಿಗೆ ಮಾಡ್ತೀಯೋ, ಬಾಯಿ ಬಿಡದ ಹುಡುಗಿ ನೀನು. ನನ್ನ ತಮ್ಮ ಇದ್ದಿದ್ರೆ ಎಷ್ಟು ಹಿಗ್ತಿದ್ದ.” ನಾನು ನೆಲ ನೋಡುತ್ತಿದ್ದೆ. ಅಲ್ಲ ಎಂದರೆ ಮತ್ತೆ ಯಾರಿಗೆ ಎಂಬ ಪ್ರಶ್ನೆ ಬರುತ್ತದೆ. ಹೂಂ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಅವಳು ಆ ಉಪ್ಪಿನಿಂದ ಉಪ್ಪಿನಕಾಯಿ ಹಾಕಿ ಬೀದಿಗೆಲ್ಲ ಹಂಚುವಳು. ಅದಕ್ಕೆ ಮತ್ತಷ್ಟು ಉಪ್ಪು ಬರುವುದು.

ಕಳೆದ ವರ್ಷ ಹೊಳೆಯ ಮೇಲೆ ಮಂಜು ಮಧ್ಯಾಹ್ನದವರೆಗೂ ಏಳದ ದಿನಗಳಲ್ಲಿ ಅತ್ತೆ ಮಲಗಿದಳು. ಎದೆಯ ಬಲ ಹೋಗಿದೆ, ಇನ್ನು ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ಹೇಳಿದರು. ಸಾವಿಗೆ ಅವಳು ಹೆದರಲಿಲ್ಲ. ಬೇರೊಂದಕ್ಕೆ ಹೆದರಿದಳು. ಮಲಗಿದಲ್ಲೇ ತನ್ನ ಎಪ್ಪತ್ತೆರಡು ವರ್ಷವನ್ನು ಹಿಂದೆ ಮುಂದೆ ತಿರುವಿ ನೋಡಿದಳಂತೆ. ಅದರಲ್ಲಿ ಏನೂ ಸಿಗಲಿಲ್ಲವಂತೆ.

“ಉಂಡಿದೀನಿ, ಮಲಗಿದೀನಿ, ಕಸ ಗುಡಿಸಿದೀನಿ ಎಸ್ತೂ,” ಎಂದಳು. “ಸೊಪ್ಪು ಕೊಳ್ಳೋವಾಗ ಚೌಕಾಸಿ ಮಾಡಿದ್ದು ನೆನಪಿದೆ. ನಿಮ್ಮಮ್ಮನ ಹತ್ರ ಒಂದು ವರ್ಷ ಮಾತು ಬಿಟ್ಟಿದ್ದು ನೆನಪಿದೆ. ಒಂದು ಒಳ್ಳೇದು, ಒಂದೇ ಒಂದು, ನೆನಪಿಗೆ ಬರಲ್ವಲ್ಲೇ. ಬರಿಗೈಲಿ ಹೋಗಿ ದೇವರ ಮುಂದೆ ಹೆಂಗೆ ನಿಂತ್ಕೊಳ್ಳಲಿ?”

“ನಮ್ಮೂರಲ್ಲಿ ಯಾರಿಗೂ ನೆನಪಿರಲ್ವಲ್ಲ ಅತ್ತೆ.”

“ಏನಾದ್ರೂ ಮಾಡಿದೋರಿಗೆ ನೆನಪಿರಲ್ಲ. ಏನೂ ಮಾಡದೋರಿಗೂ ನೆನಪಿರಲ್ಲ. ಅಲ್ವಾ?”

ಸಭಾಪಾಲಕರಾದ ಅಯ್ಯನವರು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡಲು ಪುಟ್ಟ ಮರದ ಪೆಟ್ಟಿಗೆ ಹಿಡಿದು ಬಂದರು. ಅತ್ತೆ ಗೋಡೆಯ ಕಡೆ ತಿರುಗಿಕೊಂಡಳು. ರೊಟ್ಟಿ ಮುಟ್ಟುವ ಯೋಗ್ಯತೆ ತನಗಿಲ್ಲ ಎಂದಳು. ಅಯ್ಯನವರು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಮೆಲ್ಲಗೆ ಹೇಳಿದರು: “ಸುವಾರ್ತಮ್ಮ, ತೀರ್ಪಿನ ದಿನ ಸ್ವಾಮಿ ಮೆಚ್ಚಿ ಬಲಗಡೆ ನಿಲ್ಲಿಸಿದೋರೂ ಹಿಂಗೇ ಕೇಳಿದ್ರಲ್ವೇನಮ್ಮ? ಸ್ವಾಮಿ, ನಿನಗೆ ಯಾವಾಗ ಊಟ ಕೊಟ್ವಿ, ನಿನಗೆ ಕಾಯಿಲೆ ಆದಾಗ ಯಾವಾಗ ನೋಡಕ್ಕೆ ಬಂದ್ವಿ ಅಂತ. ಅವರಿಗೂ ಏನೂ ನೆನಪಿರಲಿಲ್ಲ.”

“ಅವನು ದೂರ ತಳ್ಳಿದ ಎಡಗಡೆಯೋರೂ ಅದನ್ನೇ ಕೇಳಿದ್ರು ಅಯ್ಯನೋರೇ,” ಎಂದಳು ಅತ್ತೆ, ಗೋಡೆಯ ಕಡೆ ನೋಡುತ್ತಲೇ. “ಯಾವಾಗ, ಯಾವಾಗ ಅಂತಲೇ. ಎರಡು ಕಡೆಯೋರ ಮಾತೂ ಒಂದೇ. ನಾನು ಯಾವ ಕಡೆಯೋಳು ಅಂತ ನನಗೆ ಹೆಂಗೆ ತಿಳೀಬೇಕು?”

ಅಯ್ಯನವರು ಪೆಟ್ಟಿಗೆಯ ಕೊಂಡಿಯನ್ನು ತೆಗೆದರು, ಹಾಕಿದರು. ನಾಳೆ ಸಂಜೆ ಮತ್ತೆ ಬರುತ್ತೇನೆ ಎಂದು ಎದ್ದರು. ಹೊರಡುವಾಗ ಹೊಸ್ತಿಲ ಉಪ್ಪಿನ ಮೇಲೆ ಕಾಲಿಡದಂತೆ ದಾಟಿಕೊಂಡು ಹೋದರು. ಕೊನೆಯ ಭೋಜನವಿಲ್ಲದೆ ಯಾರೂ ಹೋಗಬಾರದು ಎಂಬುದು ನಮ್ಮಲ್ಲಿ ದೊಡ್ಡ ಮಾತು.

ಅತ್ತೆ ಮಾಡಿದ್ದೆಲ್ಲ ನನ್ನ ಪೆಟ್ಟಿಗೆಯಲ್ಲಿತ್ತು. ಆರು ದಿನಚರಿ ಪುಸ್ತಕಗಳು, ಮಂಚದಿಂದ ನಾಲ್ಕು ಮೊಳ ದೂರ. ಓದಿಬಿಟ್ಟರೆ ಅವಳ ಭಯ ಹೋಗುತ್ತದೆ. ಆದರೆ ಓದಿದ ಒಂದೊಂದು ಸಾಲಿಗೂ ಪರಲೋಕದಿಂದ ಅವಳ ಒಂದೊಂದು ಪ್ರತಿಫಲ ಇಳಿದುಬರುತ್ತದೆ. ಅವಳು ಹೆದರಿದ ಹಾಗೆಯೇ ಬರಿಗೈಯಾಗುತ್ತಾಳೆ, ಅದೂ ನನ್ನಿಂದ.

ಪಕ್ಕದ ಮನೆಯ ನವೋಮಕ್ಕ ನನ್ನ ಮುಖದಲ್ಲೇ ಅದನ್ನು ಓದಿಕೊಂಡಳೆಂದು ಕಾಣುತ್ತದೆ. ಅವಳ ಮೂರು ಹೆರಿಗೆಯಲ್ಲೂ ಕೈ ಕೊಟ್ಟವಳು ಅತ್ತೆ. ಮಾರನೆಯ ಬೆಳಿಗ್ಗೆ ನಾನು ನೀರು ಸೇದುತ್ತಿದ್ದಾಗ ಹಗ್ಗ ಹಿಡಿದು ನಿಲ್ಲಿಸಿದಳು.

“ಲೇ, ನೀನು ಅದೇನೋ ಪುಸ್ತಕದಲ್ಲಿ ಗೀಚ್ತಾ ಕೂತಿರೋದು ಕಿಟಕಿಯಿಂದ ನೋಡಿದೀನಿ. ಬಾಯಿ ಬಿಟ್ಟೀಯ, ಜೋಕೆ.”

“ಅವಳು ಅಳ್ತಿದಾಳೆ ನವೋಮಕ್ಕ.”

“ಅಳ್ಲಿ. ಇನ್ನೆಷ್ಟು ದಿನ, ಎರಡೋ ಮೂರೋ. ಆಮೇಲೆ ಅವಳಿಗೆ ಅಲ್ಲಿ ಸಿಗೋದು ನೋಡಿದ್ರೆ ಅವಳೇ ನಗ್ತಾಳೆ. ಎರಡು ದಿನದ ಕಣ್ಣೀರು ಒರೆಸಕ್ಕೆ ಹೋಗಿ ಎಲ್ಲಾ ಕಳೀತೀಯಾ?” ಇಷ್ಟು ಹೇಳುವಾಗ ಅವಳ ಕಣ್ಣೂ ತುಂಬಿತ್ತು. “ನನಗೆ ಹೇಳಕ್ಕೆ ಆಸೆ ಇಲ್ಲ ಅಂದ್ಕೊಂಡಿದೀಯಾ? ಹದಿನಾಲ್ಕು ವರ್ಷದಿಂದ ಗಂಟಲಲ್ಲಿ ಇಟ್ಕೊಂಡಿದೀನಿ ಕಣೇ.”

ನಾನು ನೀರು ಹೊತ್ತು ಒಳಗೆ ಬಂದೆ. ಮಂಜು ಕಿಟಕಿಯ ಸರಳುಗಳ ನಡುವಿನಿಂದ ಕೋಣೆಯೊಳಗೆ ಬಂದು ಮಂಚದ ಕಾಲ ಹತ್ತಿರ ಸುರುಳಿ ಸುತ್ತಿಕೊಂಡಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡಿದ್ದಳು, ರೆಪ್ಪೆಯ ಕೆಳಗಿನಿಂದ ನೀರು ಇಳಿಯುತ್ತಿತ್ತು. ಮಧ್ಯಾಹ್ನದ ಗಂಜಿಗೆ ಅಕ್ಕಿ ತೊಳೆದಿಟ್ಟೆ.

ಅಲ್ಲಿಂದ ಮುಂದೆ ನನಗೆ ನೆನಪಿಲ್ಲ.

ಆಮೇಲೆ ನೆನಪಿರುವುದು ಮಾರನೆಯ ಬೆಳಗಿನ ಗಂಟೆ. ಅತ್ತೆಯ ಮಂಚದ ಪಕ್ಕ ಚಾಪೆಯ ಮೇಲೆ ಮಲಗಿದ್ದೆ. ಗಂಟೆಯ ದನಿ ತಲೆಯ ಮೇಲೆ ಹಾದುಹೋಯಿತು. ಏನೋ ಒಂದು ನನ್ನಿಂದ ಕಳಚಿಕೊಂಡು ಹೋದ ಹಾಗೆ ಮೈ ಹಗುರಾಯಿತು. ಎದ್ದು ಕೂತೆ, ಅಡುಗೆಮನೆಯಲ್ಲಿ ಏನು ಬೇಕೆಂದು ಮರೆತವಳ ಹಾಗೆ. ನನ್ನ ಬಲಗೈ ಮುಷ್ಟಿ ಕಟ್ಟಿತ್ತು. ಬಿಚ್ಚಿದರೆ ಒಳಗೆ ಒಂದಿಷ್ಟು ಕಲ್ಲುಪ್ಪು, ಬೆವರಿಗೆ ಅರ್ಧ ಕರಗಿತ್ತು. ಉಪ್ಪಿನ ಜಾಡಿ ಅಡುಗೆಮನೆಯಲ್ಲಿರಲಿಲ್ಲ, ಅತ್ತೆಯ ದಿಂಬಿನ ಪಕ್ಕದ ಸ್ಟೂಲಿನ ಮೇಲಿತ್ತು, ಮುಚ್ಚಳ ತೆರೆದಿತ್ತು. ಅತ್ತೆಯ ಕೈ ಮಂಚದಿಂದ ನನ್ನ ಕಡೆಗೆ ಇಳಿಬಿದ್ದಿತ್ತು. ಮುಟ್ಟಿದೆ. ತಣ್ಣಗಿತ್ತು. ಮುಖದಲ್ಲಿ ಮಾತ್ರ, ಯಾರದೋ ಕಥೆ ಕೇಳುತ್ತಾ ನಿದ್ದೆ ಹೋದವರ ಸಮಾಧಾನ.

ಅವಳನ್ನು ಮಣ್ಣು ಮಾಡುವ ಹೊತ್ತಿಗೆ ಬೀದಿಗೆ ಬೀದಿಯೇ ಬಂದಿತ್ತು. ತೀರಿಕೊಂಡವರ ಕಿವಿಗೆ ಬೀಳುವುದಿಲ್ಲವಾದ್ದರಿಂದ ಅಂದು ಎಲ್ಲರೂ ಬಾಯಿ ಬಿಡಬಹುದು. ದಾನಿಯೇಲಪ್ಪ ಪಂಚೆ ಮೊಣಕಾಲವರೆಗೆ ಎತ್ತಿ ತನ್ನ ಕಾಲನ್ನು ಎಲ್ಲರಿಗೂ ತೋರಿಸಿದ. ನವೋಮಕ್ಕ ತನ್ನ ಮೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹದಿನಾಲ್ಕು ವರ್ಷದ ಮಾತನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅಯ್ಯನವರು ನನ್ನ ಹತ್ತಿರ ಬಂದರು. “ನಿನ್ನೆ ಸಂಜೆ ನಾನು ಬಂದಾಗ ನಿಮ್ಮತ್ತೆ ತಾನಾಗೇ ಕೈ ಚಾಚಿದ್ಳಮ್ಮ. ರೊಟ್ಟಿ ತಗೊಂಡು ನಕ್ಳು. ಹಿಂದಿನ ದಿನ ಗೋಡೆ ಕಡೆ ತಿರುಗಿದ್ದೋಳು ಅವಳೇನಾ ಅನ್ನಿಸ್ತು. ಏನು ಹೇಳ್ದೆ ನೀನು?”

“ನನಗೆ ನೆನಪಿಲ್ಲ ಅಯ್ಯನೋರೇ.”

ಜೋಯಲಪ್ಪನವರು ನನ್ನ ಕಡೆ ನೋಡಿ, ತಮ್ಮವಳೊಬ್ಬಳು ಸಿಕ್ಕಳು ಎಂಬಂತೆ ಕಣ್ಣು ಮಿಟುಕಿಸಿದರು. ನವೋಮಕ್ಕ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದವಳು ಬಂದು ಗಲ್ಲ ಹಿಡಿದೆತ್ತಿದಳು. “ಆರು ವರ್ಷದಿಂದ ಸುಳ್ಳು ಹೇಳ್ತಿದ್ದೆ ಹುಡುಗಿ. ಇವತ್ತು ನಿಜ ಹೇಳ್ತಿದೀಯ,” ಎಂದು ಕಿವಿಯಲ್ಲಿ ಹೇಳಿದಳು.

ಮನೆಗೆ ಬಂದು ಪೆಟ್ಟಿಗೆ ತೆಗೆದೆ. ಆ ದಿನದ ಪುಟ ತುಂಬಿತ್ತು, ಹಿಂಬದಿಗೆ ಶಾಯಿ ಇಳಿಯುವಷ್ಟು ಒತ್ತಿ ಬರೆದಿದ್ದೆ. ನನ್ನದೇ ಅಕ್ಷರ. ಸಂಜೆ ಅಯ್ಯನವರು ಹೋದ ಮೇಲೆ ಬರೆದಿರಬೇಕು. ಓದದೆ ಮುಚ್ಚಿಬಿಟ್ಟೆ.

ನಾನು ಮರೆತ ಮೊದಲನೆಯ ಕೆಲಸ ಅದು. ಪರಲೋಕದಲ್ಲಿ ನನ್ನ ಹೆಸರಿನಲ್ಲಿ ಏನಾದರೂ ಇದ್ದರೆ ಅದೊಂದೇ. ಓದಿದರೆ ತಿಳಿಯುತ್ತದೆ, ತಿಳಿದರೆ ಇಳಿದುಬರುತ್ತದೆ. ಗಂಜಿಯ ಲೋಟಗಳೆಲ್ಲ ಮೊದಲೇ ಇಲ್ಲೇ ಉಳಿದುಹೋಗಿವೆ. ಪುಸ್ತಕವನ್ನು ಪೆಟ್ಟಿಗೆಯ ತಳದಲ್ಲಿ, ಸೀರೆಗಳ ಕೆಳಗೆ ಇಟ್ಟೆ. ತಿಂಗಳುಗಳು ಹೋದವು. ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲು ಬರಿದಾಗಿರುತ್ತಿತ್ತು. ಮೊರ ಗೋಡೆಗೆ ಒರಗಿಕೊಂಡಿರುತ್ತಿತ್ತು. ಮನೆಯಲ್ಲಿ ಅವಳ ದನಿ ಎಲ್ಲೂ ಇರಲಿಲ್ಲ. ಆ ಪುಟದಲ್ಲಿ ಮಾತ್ರ ಇತ್ತು. ಅವಳ ಕೊನೆಯ ಮಧ್ಯಾಹ್ನ ನನ್ನ ಸೀರೆಗಳ ಕೆಳಗೆ ಮಡಿಸಿಕೊಂಡು ಮಲಗಿತ್ತು, ನಾನು ಅದರ ಮೇಲೆ ಪ್ರತಿಫಲವನ್ನು ಕಾಯುತ್ತಾ ಕೂತಿದ್ದೆ. ಮತ್ತೆ ಅದೇ ಹಳೆಯ ನಾನು.

ಇವತ್ತು ತೆಗೆದು ಓದಿದೆ. ಹೀಗಿತ್ತು.

ಅತ್ತೆಗೆ ಗಂಜಿ ಕುಡಿಸಿ ಬಾಯಿ ಒರೆಸಿದೆ. ಅವಳು ಮತ್ತೆ ಅಳಲು ಶುರು ಮಾಡಿದಳು. ತಡೆಯಲಾರದೆ ಪುಸ್ತಕ ತೆಗೆದೆ. ಅವಳ ಹೆಸರು ಬಂದ ಕಡೆಯೆಲ್ಲ ‘ಒಬ್ಬಳು’ ಎಂದು ಓದುತ್ತಾ ಹೋದೆ. ‘ನಮ್ಮೂರಿನಲ್ಲಿ ಒಬ್ಬಳಿದ್ದಾಳೆ’ ಎಂದು ಶುರು ಮಾಡಿದೆ. ಕೊಳೆತ ಕಾಲಿನ ಕಥೆ ಬಂದಾಗ ಅತ್ತೆ ಅಳು ನಿಲ್ಲಿಸಿ ನನ್ನ ಕಡೆ ತಿರುಗಿದಳು.

“ಬರೀ ಬೇವಿನ ನೀರಲ್ಲಿ ತೊಳೆದ್ರೆ ಆಗಲ್ಲ. ಅರಿಶಿನ ಹಾಕ್ಬೇಕು. ಹಾಕಿದ್ಳಾ ಅವಳು?”

“ಹಾಕಿದ್ಳು ಅತ್ತೆ.”

“ಬುದ್ಧಿವಂತೆ. ಹೂಂ, ಮುಂದೆ?”

ಬೆಂಕಿ ಬಿದ್ದ ಮನೆಯವರಿಗೆ ತನ್ನ ಹಾಸಿಗೆ ಕೊಟ್ಟು ಮೂರು ತಿಂಗಳು ಬರೀ ಚಾಪೆಯ ಮೇಲೆ ಮಲಗಿದ್ದನ್ನು ಓದಿದೆ. “ಪಾಪ, ಬೆನ್ನು ಎಷ್ಟು ನೊಂದಿರ್ಬೇಡ ಅವಳಿಗೆ,” ಎಂದಳು. ಅವಳದೇ ಬೆನ್ನು ಆ ಮೂರು ತಿಂಗಳು ನೊಂದು, ಯಾಕೆ ಎಂದು ತಿಳಿಯದೆ ಎಣ್ಣೆ ತಿಕ್ಕಿಸಿಕೊಂಡಿದ್ದನ್ನು ನಾನು ಹೇಳಲಿಲ್ಲ. ಒಂದು ಪುಸ್ತಕ ಮುಗಿಯಿತು, ಇನ್ನೊಂದು ತೆಗೆದೆ. ಮಂಜು ಕೋಣೆಯೊಳಗೆ ಮಂಚದ ಎತ್ತರಕ್ಕೆ ಬಂದಿತ್ತು, ಇಬ್ಬರೂ ದೋಣಿಯಲ್ಲಿ ಕೂತ ಹಾಗಿತ್ತು.

“ಇಂಥೋಳು ನಮ್ಮೂರಲ್ಲೇ ಇದ್ದು ನನಗೆ ಗೊತ್ತೇ ಆಗ್ಲಿಲ್ವಲ್ಲೇ. ಬದುಕಿದಾಳಾ?”

“ಇದ್ದಾಳೆ ಅತ್ತೆ.”

“ನೋಡ್ಬೇಕಿತ್ತು. ಹೋಗ್ಲಿ, ಅಲ್ಲಿಗೆ ಬಂದೇ ಬರ್ತಾಳಲ್ಲ.” ಆಮೇಲೆ ಮದುವೆ ಮನೆಗೆ ಹೊರಟ ಹುಡುಗಿಯ ಹಾಗೆ ನಾಚಿಕೊಂಡು ಹೇಳಿದಳು: “ಎಸ್ತೂ, ಅವಳಿಗೆ ಅಲ್ಲಿ ದೊಡ್ಡ ಮನೆ ಕೊಟ್ಟಿರ್ತಾರೆ. ದಿನಾ ಜನ ಬರ್ತಾರೆ, ಊಟ ಆಗುತ್ತೆ. ಹಿತ್ತಲಲ್ಲಿ ಪಾತ್ರೆ ತೊಳೆಯೋಕೆ ಯಾರಾದ್ರೂ ಬೇಕಾಗುತ್ತಲ್ವಾ? ಅಷ್ಟು ಕೆಲಸ ಸಿಕ್ಕಿದ್ರೆ ಸಾಕು ನನಗೆ. ಬಾಗಿಲಿಗೆ ಹೋಗಿ ಕೇಳ್ತೀನಿ. ಇಲ್ಲ ಅನ್ನೋ ಹೆಂಗಸಲ್ಲ ಅವಳು.”

ನಾನು ಪುಸ್ತಕದಿಂದ ಮುಖ ಮುಚ್ಚಿಕೊಂಡೆ.

“ಆ ಉಪ್ಪಿನ ಜಾಡಿ ತಂದು ಇಲ್ಲಿಡು,” ಎಂದಳು. ಯಾಕೆ ಎಂದು ಕೇಳಿದೆ. “ಇರ್ಲಿ. ಬೆಳಿಗ್ಗೆ ಬೇಕಾಗುತ್ತೆ. ಅಯ್ಯನೋರು ಬಂದ್ರೆ ಒಳಗೆ ಕರಿ, ನನ್ನ ತಲೆ ಬಾಚು.”

ಅಲ್ಲಿಗೆ ಪುಟ ಮುಗಿದಿತ್ತು.

ಪುಸ್ತಕ ಮುಚ್ಚಿದಾಗ ಹೊರಗೆ ಮಂಜು ಏಳುತ್ತಿತ್ತು, ಹೊಳೆಯ ಆಚೆ ದಡ ಸ್ವಲ್ಪ ಕಂಡು ಮರೆಯಾಯಿತು. ಇದ್ದ ಒಂದೂ ಈಗ ನನ್ನದಲ್ಲ, ಓದಿ ಇಳಿಸಿಕೊಂಡೆ. ನವೋಮಕ್ಕನಿಗೆ ಹೇಳಿದರೆ ಬೈಯುತ್ತಾಳೆ. ಆದರೆ ವಿಚಿತ್ರವೆಂದರೆ ನನಗೆ ಭಯವಾಗುತ್ತಿಲ್ಲ. ನನ್ನ ಸರದಿ ಬಂದಾಗ ಯಾವ ಮನೆಯನ್ನೂ ಕೇಳುವುದಿಲ್ಲ, ದಾರಿ ವಿಚಾರಿಸಿಕೊಂಡು ನೇರವಾಗಿ ಒಂದು ದೊಡ್ಡ ಮನೆಯ ಹಿತ್ತಲಿಗೆ ಹೋಗುತ್ತೇನೆ. ಅದು ತನ್ನದೇ ಮನೆ ಎಂದು ಅತ್ತೆಗೆ ಯಾರಾದರೂ ಎಷ್ಟೇ ಹೇಳಿದರೂ ಅವಳು ನಂಬಿರುವುದಿಲ್ಲ, ಅಲ್ಲೇ ಕುಕ್ಕರುಗಾಲಲ್ಲಿ ಕೂತು ಪಾತ್ರೆ ಉಜ್ಜುತ್ತಿರುತ್ತಾಳೆ. ತೊಳೆದಿಟ್ಟದ್ದನ್ನು ಒರೆಸಲು ಅವಳಿಗೂ ಒಬ್ಬರು ಬೇಕಾಗುತ್ತದಲ್ಲ.